ರಾಜಕುಮಾರನ ಹೆಜ್ಜೆ ಅಳೆದು ಕಟ್ಟಿದ ಕೋಣೆಗಳು

ಹತ್ತು ಚಪ್ಪಡಿಯಷ್ಟು ಅಗಲ, ಮೂರು ಅಂತಸ್ತಿನಷ್ಟು ಎತ್ತರ. ರಾಜಕುಮಾರನೊಬ್ಬನನ್ನು ಓಡಿಸಿ, ಹಾರಿಸಿ ಆಡುವ ‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬ ಕಂಪ್ಯೂಟರ್ ಆಟದ ಒಂದು ಕೋಣೆ ಎಂದರೆ ಇಷ್ಟೇ. ಇಂಥ ಕೋಣೆಗಳು ಒಂದು ಲೆವೆಲ್‌ನಲ್ಲಿ, ಅಂದರೆ ಆಟದ ಒಂದು ಹಂತದಲ್ಲಿ, ಹೆಚ್ಚೆಂದರೆ 24 ಇರಬಹುದು, ಒಂದು ಕೋಣೆಗೆ ಒಬ್ಬನೇ ಕಾವಲುಗಾರ. ಜೋರ್ಡನ್ ಮೆಕ್ನರ್ 1989ರಲ್ಲಿ ಆಪಲ್ 2 ಕಂಪ್ಯೂಟರಿಗಾಗಿ ಈ ಆಟವನ್ನು ರೂಪಿಸಿದಾಗ ಆ ಯಂತ್ರದ ಸಣ್ಣ ಮೆಮೊರಿಗೆ ಹೊಂದುವಂತೆ ಹಾಕಿಕೊಂಡ ಕಟ್ಟುಪಾಡು ಇದು. ಮೂರು ದಶಕಗಳ ಮೇಲೂ ಜಗತ್ತಿನ ನಾನಾ ಕಡೆಯ ಅಭಿಮಾನಿಗಳು ಇದೇ ಕಟ್ಟುಪಾಡಿನೊಳಗೆ ಕುಳಿತು, ಇದೇ ಚಪ್ಪಡಿ, ಇದೇ ಕಂಬ, ಇದೇ ಸರಳುಬಾಗಿಲುಗಳನ್ನು ಬಳಸಿ ಹೊಸ ಲೆವೆಲ್‌ಗಳನ್ನು ಕಟ್ಟುತ್ತಿದ್ದಾರೆ. ಅಂಥ ಸಂಗ್ರಹಗಳು ನೂರಕ್ಕೂ ಹೆಚ್ಚಿವೆ. ಕಳೆದ ಎರಡು ತಿಂಗಳ ಸಂಜೆಗಳಲ್ಲಿ ನಾನು ಮೂರು ಸಂಗ್ರಹಗಳನ್ನು ಆಡಿದೆ. ಇವನ್ನು ಕಟ್ಟಿದವರು ಸಂಬಳಕ್ಕಲ್ಲ, ಪ್ರೀತಿಗಾಗಿ ಕಟ್ಟಿದವರು. ಆದ್ದರಿಂದ ಸಂಗ್ರಹಗಳ ಹೆಸರನ್ನೂ ಅವರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಗುಣ ದೋಷಗಳನ್ನು ಮಾತ್ರ ಕಂಡಂತೆ ಹೇಳುತ್ತೇನೆ.

ಈ ಆಟದೊಂದಿಗೆ ನನ್ನ ನಂಟು ಶಿವಮೊಗ್ಗದ ಒಂದು ಕಂಪ್ಯೂಟರ್ ತರಗತಿಯಲ್ಲಿ, 1990ರ ದಶಕದ ನಡುವೆ ಬೆಳೆಯಿತು. ಅಲ್ಲಿದ್ದ ಮಾನಿಟರ್‌ಗಳಲ್ಲಿ ಬಣ್ಣವಿರಲಿಲ್ಲ. ಈ ಆಟದಲ್ಲಿ ಜೀವ ಕೊಡುವ ಸೀಸೆಯನ್ನೂ ವಿಷದ ಸೀಸೆಯನ್ನೂ ಅದರಿಂದ ಏಳುವ ಗುಳ್ಳೆಗಳ ಬಣ್ಣದಿಂದಲೇ ಗುರುತಿಸಬೇಕು, ಕೆಂಪಾದರೆ ಜೀವ, ನೀಲಿಯಾದರೆ ವಿಷ. ಬಣ್ಣವಿಲ್ಲದ ಪರದೆಯಲ್ಲಿ ನಾವು ಯಾವ ಲೆವೆಲ್‌ನ ಯಾವ ಕೋಣೆಯಲ್ಲಿ ಯಾವ ಸೀಸೆ ಎಂಬುದನ್ನು ಕುಡಿದು, ಜೀವ ಕಳೆದುಕೊಂಡು, ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆವು. ‘ಪ್ರಿನ್ಸ್ ಮೆಗಾಹಿಟ್’ ಎಂದು ಟೈಪ್ ಮಾಡಿ ಆಟ ತೆರೆದರೆ ಲೆವೆಲ್ ಹಾರಿಸಿಕೊಂಡು ಹೋಗಬಹುದು ಎಂಬ ಗುಟ್ಟು ಆ ಕಾಲದಲ್ಲಿ ನಮ್ಮ ಊರುಗಳ ಕಂಪ್ಯೂಟರ್ ಲ್ಯಾಬ್‌ಗಳಲ್ಲೆಲ್ಲ ಬಾಯಿಂದ ಬಾಯಿಗೆ ಹರಿದಾಡಿತ್ತು. ಹಾಗೆ ಬೆಳೆದವರಿಗೆ ಮೂಲ ಆಟದ ಹನ್ನೆರಡೂ ಲೆವೆಲ್‌ಗಳು ಹುಟ್ಟೂರಿನ ಓಣಿಗಳಷ್ಟೇ ಪರಿಚಿತ. ಅಭಿಮಾನಿಗಳ ಲೆವೆಲ್‌ಗಳು ಬೇಕಾಗುವುದೇ ಈ ಕಾರಣಕ್ಕೆ: ಪರಿಚಿತವಾದ ಕಾಲುಗಳಿಂದ ಅಪರಿಚಿತವಾದ ಊರಿನಲ್ಲಿ ನಡೆಯುವ ಸುಖಕ್ಕಾಗಿ.

ಆಡಲು ನಾನು ಬಳಸಿದ್ದು ಎಸ್‌ಡಿಎಲ್‌ಪಾಪ್ ಎಂಬ ಉಚಿತ ತಂತ್ರಾಂಶ. ಮೆಕ್ನರ್ ಅವರ ಹಳೆಯ ಡಿಸ್ಕುಗಳು ಸಿಕ್ಕಿ 2012ರಲ್ಲಿ ಬಹಿರಂಗವಾದದ್ದು ಆಪಲ್ 2 ಆವೃತ್ತಿಯ ಮೂಲ ಕೋಡ್. ನಾವೆಲ್ಲ ಆಡಿದ, ಡಾಸ್ ಎಂಬ ಹಳೆಯ ಕಾರ್ಯಾಚರಣಾ ವ್ಯವಸ್ಥೆಯ ಆವೃತ್ತಿಯ ಕೋಡ್ ಅಲ್ಲ. ಆ ಡಾಸ್ ಆಟವನ್ನು ಬಿಚ್ಚಿ, ಅದರ ಒಂದೊಂದು ವರ್ತನೆಯನ್ನೂ ಓದಿಕೊಂಡು, ಇಂದಿನ ವಿಂಡೋಸ್, ಲಿನಕ್ಸ್ ಮತ್ತು ಮ್ಯಾಕ್ ಯಂತ್ರಗಳಲ್ಲಿ ನಡೆಯುವಂತೆ ಪುನಃ ಬರೆದದ್ದೇ ಎಸ್‌ಡಿಎಲ್‌ಪಾಪ್. ಚಲನೆಯಲ್ಲಿ ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ನನಗೆ ಕಾಣಲಿಲ್ಲ. ಓಡುತ್ತಿದ್ದವನು ಹಿಂದಕ್ಕೆ ತಿರುಗುವಾಗ ಜಾರುವ ಜಾರು, ಅಂಚಿಗೆ ಬಂದು ನಿಂತು ಮತ್ತೊಂದು ಎಚ್ಚರದ ಹೆಜ್ಜೆಗೆ ಕೀ ಒತ್ತಿದಾಗ ಮೊದಲು ಪಾದದಿಂದ ಗಾಳಿಯನ್ನು ಪರೀಕ್ಷಿಸಿ ನೋಡುವ ಆ ಪುಟ್ಟ ಚಲನೆ, ಎಲ್ಲವೂ ಹಾಗೆಯೇ ಇವೆ. ಲೆವೆಲ್ ಕಟ್ಟುವವರು ಹಿಂದೆ ರೂಮ್‌ಶೇಪರ್ ಎಂಬ ತಂತ್ರಾಂಶವನ್ನು ಬಳಸುತ್ತಿದ್ದರು; ಈಗ ಹೆಚ್ಚು ಬಳಕೆಯಲ್ಲಿರುವುದು ಅಪೊಪ್ಲೆಕ್ಸಿ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಅಭಿಮಾನಿ ಲೆವೆಲ್ ಒಂದನ್ನು ಅಳೆಯಲು ನನ್ನ ಬಳಿ ಇರುವ ಅಳತೆಗೋಲು ಕಷ್ಟವಲ್ಲ, ಅಲಂಕಾರವೂ ಅಲ್ಲ. ಕಟ್ಟಿದವರಿಗೆ ರಾಜಕುಮಾರನ ಹೆಜ್ಜೆ ಗೊತ್ತಿದೆಯೇ ಎಂಬುದೊಂದೇ. ಮೆಕ್ನರ್ ತಮ್ಮ ತಮ್ಮನನ್ನು ಓಡಿಸಿ, ಹಾರಿಸಿ, ಅದನ್ನು ಚಿತ್ರೀಕರಿಸಿ, ಆ ಚಿತ್ರಗಳ ಮೇಲೆ ಗೆರೆ ಎಳೆದು ಈ ಪಾತ್ರವನ್ನು ಮಾಡಿದರು. ಆದ್ದರಿಂದ ರಾಜಕುಮಾರನಿಗೆ ನಿಜವಾದ ದೇಹದ ತೂಕವಿದೆ. ಓಟ ಹಿಡಿಯಲು ಅವನಿಗೆ ಜಾಗ ಬೇಕು, ನಿಲ್ಲಲು ಜಾಗ ಬೇಕು. ನಿಂತಲ್ಲಿಂದ ಹಾರಿ ದಾಟುವ ಕಂದಕ ಬೇರೆ, ಓಡಿ ಬಂದು ಹಾರಿ ದಾಟುವ ಕಂದಕ ಬೇರೆ. ಒಂದು ಅಂತಸ್ತು ಬಿದ್ದರೆ ಏನೂ ಆಗದು, ಎರಡು ಅಂತಸ್ತು ಬಿದ್ದರೆ ಒಂದು ಜೀವ ಹೋಗುತ್ತದೆ, ಮೂರಾದರೆ ಸಾವು. ಮೂಲ ಆಟದ ಕೋಣೆಗಳೆಲ್ಲ ಈ ಅಳತೆಗಳ ಮೇಲೆ ನಿಂತಿವೆ. ಬಾಗಿಲು ಇಳಿಯುವ ಹೊತ್ತಿಗೂ ಅಲ್ಲಿಗೆ ತಲುಪಲು ಬೇಕಾದ ಹೆಜ್ಜೆಗಳಿಗೂ ಇರುವ ಲೆಕ್ಕ ಅಷ್ಟು ಹತ್ತಿರದ್ದಾಗಿರುವುದರಿಂದಲೇ ಕೊನೆಯ ಕ್ಷಣದಲ್ಲಿ ಸರಳಿನ ಕೆಳಗೆ ನುಸುಳಿದಾಗ ಎದೆ ಡವಗುಟ್ಟುತ್ತದೆ. ಅಭಿಮಾನಿಗಳಲ್ಲಿ ಕೆಲವರು ಈ ಲೆಕ್ಕವನ್ನು ಮೈಗೂಡಿಸಿಕೊಂಡಿದ್ದಾರೆ, ಕೆಲವರು ಚಪ್ಪಡಿ ಜೋಡಿಸಿದ್ದಾರೆ, ಅಷ್ಟೆ.

ಮೊದಲನೆಯ ಸಂಗ್ರಹ ಮೈಗೂಡಿಸಿಕೊಂಡವರದ್ದು. ಇದನ್ನು ಆಡುವಾಗ ನನಗೆ ಆದ ಸಂತೋಷವನ್ನು ಒಂದು ಕೋಣೆಯ ಮೂಲಕವೇ ಹೇಳಬೇಕು. ಎರಡನೆಯ ಲೆವೆಲ್‌ನ ಅರ್ಧ ದಾರಿಯಲ್ಲಿ ಬರುವ ಕೋಣೆ ಅದು. ಕೆಳಗಿನ ಅಂತಸ್ತಿನಲ್ಲಿ ಕಾಲಿಟ್ಟರೆ ಕುಸಿದು ಬಾಗಿಲನ್ನು ಎತ್ತುವ ಒಂದು ಒತ್ತುಕಲ್ಲು. ಅದು ಎತ್ತುವ ಬಾಗಿಲು ಇರುವುದು ನಡುವಿನ ಅಂತಸ್ತಿನ ಬಲತುದಿಯಲ್ಲಿ. ಕಲ್ಲನ್ನು ಒತ್ತಿ, ಪಕ್ಕದ ಕೋಣೆಗೆ ಓಡಿ, ಮೇಲೆ ಹತ್ತಿ, ಮರಳಿ ಬರುವಷ್ಟರಲ್ಲಿ ಬಾಗಿಲು ಇಳಿದಿರುತ್ತದೆ. ನಾನು ಒಂಬತ್ತು ಬಾರಿ ಓಡಿದೆ. ಪ್ರತಿ ಬಾರಿಯೂ ನಡುವಿನ ಅಂತಸ್ತಿನಲ್ಲಿದ್ದ ಒಂದು ಅಲುಗಾಡುವ ಚಪ್ಪಡಿಯನ್ನು, ಅದು ಮುರಿದು ಬೀಳದಿರಲಿ ಎಂದು, ಜೋಪಾನವಾಗಿ ಹಾರಿ ದಾಟುತ್ತಿದ್ದೆ. ಹತ್ತನೆಯ ಬಾರಿ ಕಾಲು ತಪ್ಪಿ ಅದರ ಮೇಲೆಯೇ ಓಡಿದೆ. ಚಪ್ಪಡಿ ಒಂದು ಕ್ಷಣ ನಡುಗಿ, ಕೆಳಗೆ ಬಿದ್ದು, ಸರಿಯಾಗಿ ಆ ಒತ್ತುಕಲ್ಲಿನ ಮೇಲೆಯೇ ಒಡೆಯಿತು. ಬಾಗಿಲು ಮೇಲೇರಿತು, ಮತ್ತೆ ಇಳಿಯಲಿಲ್ಲ. ಒತ್ತುಕಲ್ಲಿನ ಮೇಲೆ ಚಪ್ಪಡಿ ಬಿದ್ದರೆ ಅದು ಒತ್ತಿದ ಹಾಗೆಯೇ ಉಳಿಯುತ್ತದೆ ಎಂಬುದು ಈ ಆಟದ ಹಳೆಯ ನಿಯಮ. ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ.

ಇಷ್ಟಾಗಿದ್ದರೆ ಅದೊಂದು ಒಳ್ಳೆಯ ಒಗಟು ಎಂದು ಮೆಚ್ಚಿ ಮುಂದೆ ಹೋಗುತ್ತಿದ್ದೆ. ಆದರೆ ಆಮೇಲೆ ಮೊದಲ ಲೆವೆಲ್ಲನ್ನು ಮತ್ತೊಮ್ಮೆ ಆಡಿ ನೋಡಿದಾಗ ತಿಳಿಯಿತು, ಕಟ್ಟಿದವರು ಈ ಪಾಠವನ್ನು ನಮಗೆ ಆಗಲೇ ಹೇಳಿಕೊಟ್ಟಿದ್ದರು. ಮೊದಲ ಲೆವೆಲ್‌ನ ಎರಡನೆಯ ಕೋಣೆಯಲ್ಲಿ, ಆಟಗಾರ ಬೇಡವೆಂದರೂ ತುಳಿಯಲೇಬೇಕಾದ ಜಾಗದಲ್ಲಿ ಒಂದು ಸಡಿಲ ಚಪ್ಪಡಿ ಇದೆ, ಅದು ಬಿದ್ದಾಗ ಎಲ್ಲೋ ಒಂದು ಬಾಗಿಲು ತೆರೆದ ಸದ್ದು ಕೇಳುತ್ತದೆ, ಮತ್ತು ಆ ಬಾಗಿಲು ಕೊನೆಯವರೆಗೂ ತೆರೆದೇ ಇರುತ್ತದೆ. ನಾನು ಅದನ್ನು ಕಂಡಿದ್ದೆ, ಗಮನಿಸಿರಲಿಲ್ಲ. ಹೀಗೆ ಮೊದಲು ಕೈ ಹಿಡಿದು ತೋರಿಸಿ, ನಂತರ ಕೈ ಬಿಟ್ಟು, ಆಟಗಾರನೇ ಕಂಡುಕೊಳ್ಳಲಿ ಎಂದು ಕಾಯುವ ತಾಳ್ಮೆ ಈ ಸಂಗ್ರಹದ ಉದ್ದಕ್ಕೂ ಇದೆ. ಕಾವಲುಗಾರರ ವಿಷಯದಲ್ಲೂ ಅದೇ ನಡೆ. ಅವರ ಕತ್ತಿವರಸೆಯ ಚಾಕಚಕ್ಯತೆಯನ್ನು ಕಟ್ಟುವವರು 0ಯಿಂದ 11ರವರೆಗಿನ ಅಂಕಿಗಳಲ್ಲಿ ಆರಿಸಬಹುದು. ಈ ಸಂಗ್ರಹದಲ್ಲಿ ಮೊದಲು ಸಿಗುವವನು ಮಂದ, ಆದರೆ ಅವನ ಬೆನ್ನ ಹಿಂದೆ ಕಂದಕವಿದೆ. ತಳ್ಳುತ್ತ ಹೋದರೆ ಅವನು ತಾನಾಗಿಯೇ ಬೀಳುತ್ತಾನೆ. ಮುಂದಿನವನು ಚುರುಕು, ಈ ಬಾರಿ ಕಂದಕವಿರುವುದು ನಮ್ಮ ಬೆನ್ನ ಹಿಂದೆ.

ದೋಷ ಇಲ್ಲವೆಂದಲ್ಲ. ಅರಮನೆಯ ಭಾಗದಲ್ಲಿ, ಅಂದರೆ ಕತ್ತಲ ನೆಲಮಾಳಿಗೆ ಮುಗಿದು ಬೆಳಕಿನ ಗೋಡೆಗಳು ಬರುವಲ್ಲಿ, ಎರಡು ಲೆವೆಲ್‌ಗಳು ಒಂದೇ ನಕ್ಷೆಯನ್ನು ತಿರುಗಿಸಿ ಇಟ್ಟ ಹಾಗಿವೆ. ಕಟ್ಟಿದವರು ಅಲ್ಲಿ ದಣಿದಿರಬೇಕು ಅನ್ನಿಸಿತು.

ಎರಡನೆಯ ಸಂಗ್ರಹದ ಬಗ್ಗೆ ಬರೆಯುವುದು ನನಗೆ ಕಷ್ಟ. ಅದರಲ್ಲಿ ಪಟ್ಟ ಶ್ರಮ ಕಣ್ಣಿಗೆ ಕಾಣುತ್ತದೆ, ಒಂದೊಂದು ಕೋಣೆಯೂ ಉಪಾಯಗಳಿಂದ ತುಂಬಿದೆ, ಆದರೂ ನಾನು ಆರನೆಯ ಲೆವೆಲ್ಲಿಗೆ ನಿಲ್ಲಿಸಿದೆ. ಈ ಆಟದಲ್ಲಿ ಪರದೆ ಸರಿಯುವುದಿಲ್ಲ. ಒಂದು ಕೋಣೆಯ ಅಂಚು ದಾಟಿದ ಮೇಲಷ್ಟೇ ಮುಂದಿನ ಕೋಣೆ ಕಾಣುತ್ತದೆ. ಮೆಕ್ನರ್ ಇದನ್ನು ಬಲ್ಲವರಾಗಿದ್ದರು, ಪರದೆಯ ಅಂಚಿನಾಚೆ ಹಾರಿದವನಿಗೆ ಸಾಮಾನ್ಯವಾಗಿ ಕಾಲೂರಲು ನೆಲ ಕೊಟ್ಟಿದ್ದಾರೆ. ಈ ಸಂಗ್ರಹದಲ್ಲಿ ಹಾಗಲ್ಲ. ಕೋಣೆಯ ಬಲ ಅಂಚಿನಿಂದ ಓಡಿ ಹಾರಿದರೆ ಆಚೆಯ ಕೋಣೆಯ ಮೊದಲ ಚಪ್ಪಡಿಯಲ್ಲೇ ನೆಲದಿಂದ ಚಿಮ್ಮುವ ಮೊನೆಗಳು. ಮೊನೆಗಳ ನಡುವೆ ಎಚ್ಚರದಿಂದ ನಡೆದರೆ ಏನೂ ಆಗುವುದಿಲ್ಲ, ಓಡಿದರೆ ಅಥವಾ ಮೇಲಿನಿಂದ ಬಿದ್ದರೆ ಸಾವು. ಹಾರದೆ ಕಂದಕ ದಾಟಲಾಗದು, ಹಾರಿದವನು ನಡೆಯುವ ಪ್ರಶ್ನೆಯೇ ಇಲ್ಲ. ಹಾಗಾದರೆ ದಾರಿ? ಹಿಂದಿನ ಕೋಣೆಯಲ್ಲಿ ಒಂದು ಹೆಜ್ಜೆ ಹಿಂದೆ ಸರಿದು ಹಾರಿ, ಅಂಚನ್ನು ಕೈಯಿಂದ ಹಿಡಿದು ನೇತಾಡಿ, ನಿಧಾನವಾಗಿ ಮೇಲೇರಬೇಕು. ಇದು ಸೊಗಸಾದ ಪರಿಹಾರ, ಆದರೆ ಸತ್ತು ನೋಡದ ಹೊರತು ಇದರ ಅಗತ್ಯವೇ ತಿಳಿಯುವುದಿಲ್ಲ. ಒಮ್ಮೆಯಾದರೆ ಕ್ಷಮಿಸಬಹುದು. ನಾಲ್ಕನೆಯ ಲೆವೆಲ್ ಒಂದರಲ್ಲೇ ಇಂಥ ಜಾಗಗಳು ಐದು.

ಈ ಬಗೆಯ ಕಟ್ಟುವಿಕೆಗೆ ಎಸ್‌ಡಿಎಲ್‌ಪಾಪ್‌ನ ಒಂದು ಸೌಲಭ್ಯವೂ ದಾರಿ ಮಾಡಿಕೊಟ್ಟಿದೆ ಎಂಬುದು ನನ್ನ ಅಭಿಪ್ರಾಯ. ಡಾಸ್ ಆಟದಲ್ಲಿ ಸತ್ತರೆ ಲೆವೆಲ್‌ನ ಮೊದಲಿನಿಂದ ಶುರು. ಎಸ್‌ಡಿಎಲ್‌ಪಾಪ್‌ನಲ್ಲಿ ಎಫ್6 ಒತ್ತಿದರೆ ಆ ಕ್ಷಣವೇ ಉಳಿಯುತ್ತದೆ, ಎಫ್9 ಒತ್ತಿದರೆ ಅಲ್ಲಿಗೇ ಮರಳಬಹುದು. ಸಮಯ ಕಡಿಮೆ ಇರುವ ನನ್ನಂಥವರಿಗೆ ಇದು ವರವೇ ಸರಿ. ಆದರೆ ಕಟ್ಟುವವರು ಆಟಗಾರ ಹೇಗೂ ಪ್ರತಿ ಕೋಣೆಯಲ್ಲೂ ಎಫ್6 ಒತ್ತುತ್ತಾನೆ ಎಂದು ನಂಬಿ ಕಟ್ಟತೊಡಗಿದಾಗ ಲೆವೆಲ್ ಎಂಬುದು ಒಂದು ಪಯಣವಾಗಿ ಉಳಿಯದೆ ಬಿಡಿಬಿಡಿ ಪರೀಕ್ಷೆಗಳ ಸರಣಿಯಾಗಿಬಿಡುತ್ತದೆ. ಎರಡನೆಯ ಸಂಗ್ರಹವನ್ನು ನಾನು ಒಂದು ಸಂಜೆ ಎಫ್6 ಮುಟ್ಟದೆ ಆಡಲು ಯತ್ನಿಸಿದೆ; ಎರಡು ಗಂಟೆಯಲ್ಲಿ ಎರಡನೆಯ ಲೆವೆಲ್ ದಾಟಲಾಗಲಿಲ್ಲ.

ಇದೇ ಸಂಗ್ರಹದ ಒಂದು ಕೋಣೆಯನ್ನು ಮಾತ್ರ ಮನಸಾರೆ ಹೊಗಳಬೇಕು. ಮೇಲಿಂದ ಕೆಳಗೆ ಕಚ್ಚುವ ಉಕ್ಕಿನ ಹಲ್ಲುಬಾಗಿಲುಗಳು ಈ ಆಟದಲ್ಲಿ ರಾಜಕುಮಾರ ಆ ಅಂತಸ್ತಿಗೆ ಬಂದಾಗ ಮಾತ್ರ ಚಲಿಸಲು ತೊಡಗುತ್ತವೆ. ಇಲ್ಲಿ ಮೂರೂ ಅಂತಸ್ತುಗಳಲ್ಲಿ ಎರಡೆರಡು ಹಲ್ಲುಬಾಗಿಲುಗಳಿವೆ. ಮೇಲಿನದನ್ನು ದಾಟುವಾಗ ಕೆಳಗಿನವು ನಿಶ್ಚಲವಾಗಿ, ಬಾಯಿ ತೆರೆದು ನಿಂತಿರುತ್ತವೆ. ಅಲ್ಲಿಗೆ ಇಳಿದೊಡನೆ ಅವು ಎಚ್ಚರಗೊಳ್ಳುತ್ತವೆ. ಮೂರು ಅಂತಸ್ತು ಇಳಿಯುವಾಗ ಆ ಸದ್ದು ನಿಂತು, ಶುರುವಾಗಿ, ನಿಂತು, ಶುರುವಾಗುವ ತಾಳಕ್ಕೆ ನಮ್ಮ ಹೆಜ್ಜೆ ತಾನಾಗಿ ಹೊಂದಿಕೊಳ್ಳುತ್ತದೆ. ಇಷ್ಟು ಬಲ್ಲವರು ಉಳಿದ ಕಡೆ ಆಟಗಾರನನ್ನು ಹೀಗೆ ಏಕೆ ನಡೆಸಿಕೊಂಡರೋ!

ಮೂರನೆಯ ಸಂಗ್ರಹ ಬೇರೆಯೇ ಜಾತಿಯದು. ಈ ಆಟದ ಕಡತದಲ್ಲಿ ಪ್ರತಿ ಕೋಣೆಗೂ ಎಡ, ಬಲ, ಮೇಲೆ, ಕೆಳಗೆ ಯಾವ ಕೋಣೆ ಎಂಬುದು ಬರೀ ಸಂಖ್ಯೆಯಾಗಿ ದಾಖಲಾಗಿರುತ್ತದೆ. 5ನೆಯ ಕೋಣೆಯ ಬಲಕ್ಕೆ 9 ಎಂದು ಬರೆದರೆ 9ರ ಎಡಕ್ಕೆ 5 ಎಂದೇ ಇರಬೇಕೆಂಬ ಕಟ್ಟಳೆ ಆಟದ ಯಂತ್ರಕ್ಕಿಲ್ಲ. ಕಟ್ಟಿದವರು ಇದನ್ನು ಬಳಸಿ ನಿಜಜಗತ್ತಿನಲ್ಲಿ ಕಟ್ಟಲಾಗದ ಸೆರೆಮನೆಯನ್ನು ಕಟ್ಟಿದ್ದಾರೆ. ಬಲಕ್ಕೆ ಮೂರು ಕೋಣೆ ನಡೆದರೆ ಹೊರಟಲ್ಲಿಗೇ ಬರುತ್ತೇವೆ, ಆದರೆ ಎಡಕ್ಕೆ ಮೂರು ನಡೆದರೆ ಬೇರೆಲ್ಲಿಗೋ. ಕೆಳಗೆ ಬಿದ್ದವನು ಮೇಲಿನಿಂದ ಪ್ರತ್ಯಕ್ಷನಾಗುತ್ತಾನೆ. ನಾನು ಚೌಕುಳಿ ಹಾಳೆಯ ಮೇಲೆ ನಕ್ಷೆ ಬರೆಯಲು ಕುಳಿತೆ. ಹಾಳೆ ಸಾಲಲಿಲ್ಲ, ಏಕೆಂದರೆ ಆ ಜಾಗ ಹಾಳೆಯ ಮೇಲೆ ಕೂರುವಂಥದ್ದೇ ಅಲ್ಲ. ಕೊನೆಗೆ ಕೋಣೆಗಳಿಗೆ ಗುರುತು ಹಚ್ಚತೊಡಗಿದೆ: ಒಂದೇ ಪಂಜು ಇರುವ ಕೋಣೆ, ನೆಲದಲ್ಲಿ ಎಲುಬುಗಳಿರುವ ಕೋಣೆ, ಒಡೆದ ಚಪ್ಪಡಿಯ ಚೂರುಗಳಿರುವ ಕೋಣೆ. ಹೀಗೆ ಗುರುತು ಹಿಡಿಯತೊಡಗಿದ ಮೇಲೆ ಕಂಡಿತು, ಈ ಗುರುತುಗಳನ್ನು ಕಟ್ಟಿದವರು ಬೇಕೆಂದೇ ಇಟ್ಟಿದ್ದಾರೆ, ಎರಡು ಕೋಣೆಗಳು ಪೂರ್ತಿ ಒಂದೇ ಥರ ಕಾಣದಂತೆ ನೋಡಿಕೊಂಡಿದ್ದಾರೆ. ದಿಕ್ಕು ತಪ್ಪಿಸುತ್ತಲೇ ದಾರಿಗೆ ಆಧಾರ ಬಿಟ್ಟಿರುವ ಈ ನ್ಯಾಯಬುದ್ಧಿಯನ್ನು ನಾನು ತುಂಬಾ ಗೌರವಿಸುತ್ತೇನೆ. ಬೇಸರದ ಸಂಗತಿ ಎಂದರೆ ಮೂರನೆಯ ಲೆವೆಲ್‌ನಲ್ಲಿ ಬೆರಗು ಹುಟ್ಟಿಸಿದ ಈ ತಂತ್ರವೇ ಐದು, ಆರು, ಎಂಟರಲ್ಲೂ ಮರುಕಳಿಸುತ್ತದೆ. ಎಂಟಕ್ಕೆ ಬರುವಷ್ಟರಲ್ಲಿ ಬೆರಗು ಹೋಗಿ ಬರೀ ಲೆಕ್ಕಪತ್ರ ಉಳಿದಿತ್ತು.

ಹೊಸ ಲೆವೆಲ್ ಕಟ್ಟುವ ಎಲ್ಲರೂ ಎದುರಿಸಬೇಕಾದ ಒಂದು ತೊಡಕಿದೆ. ಮೂಲ ಆಟದ ವಿಶೇಷ ಘಟನೆಗಳು ಲೆವೆಲ್‌ನ ಸಂಖ್ಯೆಗೆ ಕಟ್ಟುಬಿದ್ದಿವೆ. ಎಲುಬಿನ ಗೂಡು ಎದ್ದು ನಿಂತು ಕತ್ತಿ ಹಿಡಿಯುವುದು ಮೂರನೆಯ ಲೆವೆಲ್‌ನಲ್ಲಿ, ಕನ್ನಡಿಯಿಂದ ನೆರಳು ಸಿಡಿದು ಬರುವುದು ನಾಲ್ಕರಲ್ಲಿ, ಆ ನೆರಳು ನಮ್ಮ ಸೀಸೆಯನ್ನು ಕುಡಿದು ಓಡುವುದು ಐದರಲ್ಲಿ. ಈ ನೆರಳಿನ ಕಥೆಯೇ ಒಂದು ಸೊಗಸು. ಆಪಲ್ 2ರಲ್ಲಿ ಹೊಸ ಎದುರಾಳಿಯ ಚಿತ್ರಗಳಿಗೆ ಮೆಮೊರಿ ಉಳಿದಿರಲಿಲ್ಲವಾದ್ದರಿಂದ ಮೆಕ್ನರ್ ರಾಜಕುಮಾರನ ಚಿತ್ರಗಳನ್ನೇ ಒಂದು ಬಿಟ್‌ನಷ್ಟು, ಅಂದರೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿ ಅವುಗಳ ಮೇಲೆಯೇ ಹಾಯಿಸಿ ಈ ಮಿನುಗುವ ಜೋಡಿಯನ್ನು ಪಡೆದರು. ಎಸ್‌ಡಿಎಲ್‌ಪಾಪ್ ತನ್ನ ಸೆಟ್ಟಿಂಗ್ಸ್ ಕಡತದಲ್ಲಿ ಇಂಥ ಅನೇಕ ಕಟ್ಟುಗಳನ್ನು ಸಡಿಲಿಸಿದೆ. ಯಾವ ಲೆವೆಲ್ ನೆಲಮಾಳಿಗೆ, ಯಾವುದು ಅರಮನೆ, ಆಟ ಎಷ್ಟು ಜೀವದಿಂದ, ಎಷ್ಟು ನಿಮಿಷದಿಂದ ಶುರು ಎಂಬುದನ್ನು ಅಲ್ಲಿ ಬದಲಿಸಬಹುದು. ನಾನು ಆಡಿದ ಮೂವರಲ್ಲಿ ಮೊದಲನೆಯವರು ಈ ಸೌಲಭ್ಯವನ್ನು ಹೆಚ್ಚು ಮುಟ್ಟದೆ ಹಳೆಯ ಕಟ್ಟಿಗೇ ಒಗ್ಗಿಕೊಂಡಿದ್ದಾರೆ. ಅವರ ನಾಲ್ಕನೆಯ ಲೆವೆಲ್‌ನಲ್ಲಿ ಕನ್ನಡಿ ಬರುವುದು ನಮಗೆ ಗೊತ್ತೇ ಇರುತ್ತದೆ. ಆದರೆ ಕನ್ನಡಿಯನ್ನು ಹಾಯಲು ಬೇಕಾದ ಓಟಕ್ಕೆ ಜಾಗ ಎಲ್ಲಿದೆ ಎಂದು ಹುಡುಕುವುದರಲ್ಲಿ ನನ್ನ ಒಂದು ಸಂಜೆ ಕಳೆಯಿತು. ಎಂಥ ಸಂಜೆ!

ಮೂಲ ಆಟದ ಅರವತ್ತು ನಿಮಿಷದ ಗಡುವನ್ನು ಮೊದಲ ಎರಡು ಸಂಗ್ರಹಗಳು ಹಾಗೆಯೇ ಉಳಿಸಿಕೊಂಡಿವೆ. ಮೊದಲನೆಯದಕ್ಕೆ ಅದು ಸರಿಯಾಗಿ ಹೊಂದುತ್ತದೆ. ಎರಡನೆಯದಕ್ಕೆ ಅದು ಕ್ರೂರ. ಮೂರನೆಯದರಲ್ಲಿ ಗಡುವನ್ನು ಹಿಗ್ಗಿಸಿದ್ದಾರೆ, ಅದು ಒಳ್ಳೆಯ ನಿರ್ಧಾರ, ದಾರಿ ತಪ್ಪುವುದೇ ವಿಷಯವಾಗಿರುವ ಕಡೆ ಗಡಿಯಾರ ನೋಡಿಕೊಂಡು ಅಲೆಯಲಾಗದು.

ಅಪೊಪ್ಲೆಕ್ಸಿಯ ಬಗ್ಗೆ ಹೇಳುವೆನೆಂದಿದ್ದೆ. ನಾನು ಲೆವೆಲ್ ಕಟ್ಟುವವನಲ್ಲ. ಅದನ್ನು ಪರೀಕ್ಷಿಸಿದ್ದು ರಜೆಗೆ ಬಂದಿದ್ದ ಅಕ್ಕನ ಮಗ, ಏಳನೆಯ ತರಗತಿಯ ಹುಡುಗ. ಪರದೆಯ ಮೇಲೆ ಕೋಣೆ ಕಾಣುತ್ತದೆ, ಚಪ್ಪಡಿಯ ಮೇಲೆ ಒತ್ತಿದರೆ ಅಲ್ಲಿ ಏನಿಡಬೇಕೆಂದು ಆರಿಸುವ ಪಟ್ಟಿ ತೆರೆದುಕೊಳ್ಳುತ್ತದೆ. ಅವನಿಗೆ ಅದು ಹತ್ತು ನಿಮಿಷದಲ್ಲಿ ಒಗ್ಗಿತು. ಒಗ್ಗದಿದ್ದದ್ದು ಒತ್ತುಕಲ್ಲುಗಳನ್ನು ಬಾಗಿಲುಗಳಿಗೆ ಜೋಡಿಸುವ ಭಾಗ. ಯಾವ ಕಲ್ಲು ಯಾವ ಬಾಗಿಲನ್ನು ಎತ್ತುತ್ತದೆ ಎಂಬುದನ್ನು ಘಟನೆಗಳ ಸಂಖ್ಯೆಗಳ ಮೂಲಕ ಹೆಣೆಯಬೇಕು, ಅದು ಮಕ್ಕಳಿಗಿರಲಿ ದೊಡ್ಡವರಿಗೂ ಸುಲಭವಾಗಿ ಎಟುಕುವುದಿಲ್ಲ. ಹುಡುಗ ಮೊದಲು ಮಾಡಿದ ಕೋಣೆಯಲ್ಲಿ ಮೂರು ಕಂದಕ, ನಾಲ್ಕು ಸಾಲು ಮೊನೆ, ಕೊನೆಯಲ್ಲಿ ಕಾವಲುಗಾರ. “ಮಾಮ, ನೀವು ಇದನ್ನು ದಾಟೋಕೇ ಆಗಲ್ಲ” ಎಂದ. ನಿಜವಾಗಿಯೂ ಆಗಲಿಲ್ಲ, ಅವನಿಗೂ ಆಗಲಿಲ್ಲ, ಏಕೆಂದರೆ ಓಟ ಹಿಡಿಯಲು ಅಲ್ಲಿ ಜಾಗವೇ ಇರಲಿಲ್ಲ. ಅವನು ಪಟ್ಟುಬಿಡದೆ ಕೀ ಒತ್ತಿ ಒತ್ತಿ ರಾಜಕುಮಾರನನ್ನು ಖಾಲಿ ನೆಲದ ಮೇಲೆ ನಡೆಸಿ, ಎಷ್ಟು ಚಪ್ಪಡಿಗೆ ಎಷ್ಟು ಹೆಜ್ಜೆ ಎಂದು ಎಣಿಸಿ, ಮೊದಲ ಕಂದಕವನ್ನು ಎರಡು ಚಪ್ಪಡಿ ಬಲಕ್ಕೆ ಸರಿಸಿದ. ಅದರ ನಂತರ ಆ ಕೋಣೆ ಆಡುವಂತಾಯಿತು.

ಆಡಬಯಸುವವರಿಗೆ ಒಂದು ಪ್ರಾಯೋಗಿಕ ಮಾತು. ಎಸ್‌ಡಿಎಲ್‌ಪಾಪ್‌ನಲ್ಲಿ ಮೂಲ ಆಟದ ತಪ್ಪುಗಳನ್ನು ಸರಿಪಡಿಸುವ ಅನೇಕ ಆಯ್ಕೆಗಳಿವೆ. ಕೆಲವು ಅಭಿಮಾನಿ ಲೆವೆಲ್‌ಗಳ ಪರಿಹಾರ ಆ ತಪ್ಪುಗಳನ್ನೇ ನೆಚ್ಚಿಕೊಂಡಿರಬಹುದು, ಆದ್ದರಿಂದ ಯಾವುದಾದರೂ ಕೋಣೆ ಎಷ್ಟು ಮಾಡಿದರೂ ಬಗೆಹರಿಯದಿದ್ದರೆ ಈ ತಿದ್ದುಪಡಿಗಳನ್ನು ಆಫ್ ಮಾಡಿ ಮತ್ತೊಮ್ಮೆ ಯತ್ನಿಸಿ. ಸಂಗ್ರಹದ ಜೊತೆಗೆ ಬರುವ ಪುಟ್ಟ ಪಠ್ಯ ಕಡತವನ್ನು ಓದದೆ ಆಟಕ್ಕೆ ಇಳಿಯಬೇಡಿ. ಎಂಥ ಸೆಟ್ಟಿಂಗ್ಸ್ ಬೇಕೆಂದು ಕಟ್ಟಿದವರು ಬಹುಮಟ್ಟಿಗೆ ಅಲ್ಲೇ ಬರೆದಿರುತ್ತಾರೆ. ಮೂಲ ಆಟವನ್ನು ಮುಗಿಸದವರು ಮೊದಲು ಅದನ್ನು ಮುಗಿಸಿ, ಏಕೆಂದರೆ ಅಭಿಮಾನಿಗಳ ಲೆವೆಲ್‌ಗಳು ಅದರೊಂದಿಗೆ ಮಾತಾಡುತ್ತವೆ. ಆನಂತರ ಮೊದಲನೆಯ ಸಂಗ್ರಹದಂಥದ್ದನ್ನು, ಅಂದರೆ ಮೊದಲ ಎರಡು ಲೆವೆಲ್‌ಗಳಲ್ಲಿ ನಿಮ್ಮನ್ನು ಕೊಲ್ಲದೆ ಕಲಿಸುವಂಥದ್ದನ್ನು ಹುಡುಕಿ ಆಡಿ.

ಮೂರನೆಯ ಸಂಗ್ರಹದ ಕೊನೆಯ ಎರಡು ಲೆವೆಲ್‌ಗಳು ನನಗೆ ಇನ್ನೂ ಬಾಕಿ ಇವೆ. ಹನ್ನೊಂದನೆಯದರಲ್ಲಿ ಒಂದೇ ಪಂಜಿನ ಕೋಣೆಯಿಂದ ಮೇಲೆ ಹತ್ತಿದರೆ ಎಲ್ಲಿಗೆ ಬರುತ್ತೇವೆ ಎಂಬುದು ನಿನ್ನೆ ರಾತ್ರಿಯಷ್ಟೇ ತಿಳಿದಿದೆ, ಹಾಳೆಯ ಮೇಲೆ ಗುರುತು ಹಾಕಿಟ್ಟಿದ್ದೇನೆ.